ಬದಾಮಿನ ಮೂರು

೧೯೫೬ರ ಬೇಸಿಗೆ. ಅಬ್ಬಿಗೇರಿಯ ಕಟ್ಟೆಯ ಮೇಲೆ ನಾವು ನಾಲ್ವರು ಎರಡು ಜೋಡಿಯಾಗಿ, ಏಳರಿಂದ ಮೇಲಕ್ಕೂ ಕೆಳಕ್ಕೂ ಸಾಲಾಗಿ ಎಲೆ ಇಳಿಸಿ ಕೈ ಖಾಲಿ ಮಾಡುವ ಇಸ್ಪೀಟು ಆಡುತ್ತಿದ್ದೆವು. ನನ್ನ ಜೋಡಿ ಪ್ರಭುಲಿಂಗಪ್ಪನ ಬಳಿ ಉಳಿದದ್ದು ಬದಾಮಿನ, ಅಂದರೆ ಕೆಂಪು ಹೃದಯದ ಗುರುತಿನ, ಮೂರು ಒಂದೇ. ನಾನು ನಾಲ್ಕು ಇಳಿಸಿದ್ದರೆ ಅವನು ಮುಗಿಸುತ್ತಿದ್ದ. ದಿನವೂ ಅವನಿಗೇ ಶಹಬ್ಬಾಸ್, ಹೊಟ್ಟೆಕಿಚ್ಚಿಗೆ ನಾಲ್ಕನ್ನು ತಡೆಹಿಡಿದೆ. ಸೋತೆವು.

“ನಾಲ್ಕು ನಿನ್ನ ಕಡೇನ ಇತ್ತಲ್ಲೋ,” ಎಂದು ಎಲೆ ಹಿಡಿದುಕೊಂಡೇ ಎದ್ದುಹೋದ. ದಾರಿಯಲ್ಲಿ ಹಾವು ಕಚ್ಚಿ ಸತ್ತ. ಮುಷ್ಟಿ ಬಿಚ್ಚಲಾಗದೆ ಹಾಗೇ ಹೂಳಿದೆವು.

ತಿಂಗಳಾದ ಮೇಲೆ, ಮೂರಿನ ಜಾಗ ಬಿಟ್ಟು, ಉಳಿದ ಐವತ್ತೊಂದು ಎಲೆಗಳಿಂದ ಆಡಿದೆವು. ಸುಡುವ ಮಧ್ಯಾಹ್ನ. ಬದಾಮಿನ ನಾಲ್ಕು ಮತ್ತೆ ನನಗೇ ಬಂತು, ಬಾವಿಯ ಕಲ್ಲಿನಷ್ಟು ತಣ್ಣಗೆ. ಸರದಿ ಬಂದ ಕೂಡಲೇ ಇಳಿಸಿದೆ. ಕಣ್ಣೆತ್ತಿ ನೋಡುವಷ್ಟರಲ್ಲಿ ಪಕ್ಕದಲ್ಲಿ ಮೂರು ಬಿದ್ದಿತ್ತು.

“ಇದನ್ನ ಯಾರ ಹಾಕಿದ್ರಪಾ?” ಎಂದ ಹೊಸ ಜೋಡಿ ಅಜ್ಜಪ್ಪ.

ಯಾರ ಕೈಯೂ ಮುಂದೆ ಬಂದಿರಲಿಲ್ಲ. ಎಲೆಯ ಅಂಚಿನ ಎರೆಮಣ್ಣು ಇನ್ನೂ ಹಸಿಯಾಗಿತ್ತು.