ತಾಮ್ರದ ತಂತಿ ಸುತ್ತಿದ ರೇಜರ್

“ಅದು ನಮ್ಮಪ್ಪಂದು! ತೆಗೀರಿ ಆಚೆ!”

ಬೀಗ ರಿಪೇರಿ ಅಂಗಡಿಯ ಗಾಜಿನ ಪೆಟ್ಟಿಗೆಗೆ ಬೆರಳು ಚುಚ್ಚಿ ಆಕೆ ಕೂಗಿದಳು. ಒಳಗೆ ಸಾಲಾಗಿ, ಬೀಗದವನು ಗುಜರಿಯಿಂದ ಆರಿಸಿ ತಂದಿಟ್ಟ ಹಳೇ ಕಾಲದ ರೇಜರ್‌ಗಳು. ನಡುವೆ ಹಿಡಿಗೆ ತಾಮ್ರದ ತಂತಿ ಸುತ್ತಿದ್ದ ಒಂದು. ಚಿಕ್ಕವಳಿದ್ದಾಗ ಅವಳೇ ಅದನ್ನು ಬೀಳಿಸಿದ್ದಳು. ಹಿಡಿ ಬಿರುಕು ಬಿಟ್ಟರೂ ಅಪ್ಪ ಬೈಯದೆ ತಂತಿ ಸುತ್ತಿಕೊಂಡಿದ್ದರು.

ಆಕೆ ಟೈಲರ್. ಬೀದಿಯವರೆಲ್ಲ ಕರೆಯುವುದು ಸೂಜಿಮೆಣಸು ಎಂದು! ಬೀಗದ ಕೈ ಮಾಡಿಸಲು ಬಂದವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬೀಳದೆ ಇರುತ್ತದೆಯೇ, ನೀವೇ ಹೇಳಿ! ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋಗಿದೆ. ‘ನನ್ನ ರೇಜರ್ ತನ್ನಿ’ ಅನ್ನುತ್ತ, ಬೇರೆ ಯಾವುದನ್ನೂ ಮುಖದ ಹತ್ತಿರ ಬಿಡದೆ, ಗಡ್ಡ ಬೆಳೆಸಿಕೊಂಡು ಮಲಗಿದ್ದಾರೆ. ಅಣ್ಣನೆಂಬ ಮಹಾನುಭಾವ ಅದನ್ನು ಗುಜರಿಗೆ ಹಾಕಿದ್ದ!

“ನಿಮ್ಮದೇ ಇರಬಹುದು. ಆದ್ರೆ ಇವತ್ತು ಬೇಡ,” ಎಂದ ಬೀಗದವನು. “ಬಿಚ್ಚಿ ತೊಳೆದು, ಬ್ಲೇಡ್ ಹಾಕೋದು ತೋರಿಸಿ...”

“ಬೆಲೆ ಏರಿಸೋ ನಾಟಕನಾ? ಬುದ್ಧಿ ಬಂದಾಗಿಂದ ಕತ್ತರಿ ಹಿಡಿದಿದ್ದೀನಿ, ನನಗೆ ಬ್ಲೇಡ್ ಹೇಳಿಕೊಡ್ತೀರಾ?”

ಅವನು ಪೆಟ್ಟಿಗೆ ತೆರೆದ. ಅವಳು ಕಿತ್ತುಕೊಂಡು ನಡೆದೇಬಿಟ್ಟಳು.

ಮನೆಯಲ್ಲಿ ರೇಜರ್ ಬಿಚ್ಚಿ, ತಿಕ್ಕಿ ತೊಳೆದು, ಹೊಸ ಬ್ಲೇಡ್ ಹಾಕಿ ಮತ್ತೆ ಜೋಡಿಸಿದಳು. ಅಪ್ಪನಿಗೆ ನೊರೆ ಹಚ್ಚಿ ಎಳೆದರೆ ಒಂದು ಕೂದಲೂ ಬರಲಿಲ್ಲ. ಸ್ವಲ್ಪ ಒತ್ತಿದಳು... ಅಯ್ಯೋ! ನೊರೆಯ ಮೇಲೆ ಕೆಂಪು ಗೆರೆ!

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

‘ಆ ಮನುಷ್ಯ ಏನೋ ಹಾಳು ಮಾಡಿದ್ದಾನೆ!’

ಅವಳು ಮತ್ತೆ ಅಂಗಡಿಗೆ ನುಗ್ಗಿದಳು. ಬೀಗದವನು ರೇಜರ್ ತಿರುಪಿ ಬಿಚ್ಚಿದ. ನಕ್ಕುಬಿಟ್ಟ.

“ಬ್ಲೇಡ್ ಕೂರೋ ಮಧ್ಯದ ತಟ್ಟೆ ತಲೆಕೆಳಗಾಗಿದೆ ರೀ. ಹೀಗೆ ಹಾಕಿದ್ರೆ ಬ್ಲೇಡ್ ಬಾಗೋದೇ ಇಲ್ಲ, ಕೂದಲಿಗೆ ಹಿಡಿಯೋದೂ ಇಲ್ಲ.”

“ನಗ್ತೀರಾ? ನಮ್ಮಪ್ಪನ ಕೆನ್ನೆ ಕುಯ್ದಿದೆ!”

ಅವನ ನಗು ನಿಂತಿತು. ಗಲ್ಲದ ಕೆಳಗಿನ ಹಳೇ ಗಾಯದ ಗುರುತು ತೋರಿಸಿದ. “ಮೊದಲ ಸಲ ನಾನೂ ಹೀಗೇ ಹಾಕಿದ್ದೆ. ನಿಮ್ಮನ್ನ ತಡೀಬೇಕಿತ್ತು, ತಪ್ಪು ನಂದು. ನಡೀರಿ.”

ತಟ್ಟೆ ಸರಿಮಾಡಿ, ಅಂಗಡಿ ಮುಚ್ಚಿ ಜೊತೆಗೇ ಬಂದ. ಅಪ್ಪನ ಎಡಗೈಗೆ ರೇಜರ್ ಕೊಟ್ಟು, “ನಿಮ್ಮ ರೇಜರ್, ನೀವೇ ಹಿಡೀಬೇಕು ಯಜಮಾನ್ರೇ,” ಎಂದ. ಅವಳು ಅಪ್ಪನ ಕೈ ಮೇಲೆ ತನ್ನ ಕೈ ಇಟ್ಟಳು.

“ಒತ್ತಬೇಡಿ. ಅದರ ಭಾರನೇ ಸಾಕು.”

ಬಿಳಿ ಗಡ್ಡ ಸರಿಯುತ್ತಾ ಸರಿಯುತ್ತಾ ಅಪ್ಪನ ಮುಖ ಹೊರಬಂತು... ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ರೇಗಿದಳು.

“ಇದನ್ನ ಮೊದಲೇ ಹೇಳೋಕೇನಾಗಿತ್ತು?”

“ನೀವು ಹೇಳೋಕೆ ಬಿಟ್ರಾ?”

ಕಾಯಿಲೆ ಬಿದ್ದ ಮೇಲೆ ಅಪ್ಪ ಮೊದಲ ಸಲ ನಕ್ಕರು.

ಆಮೇಲೆ ಅವನು ದಿನಾ ಬೆಳಿಗ್ಗೆ ಬರತೊಡಗಿದ. ಅವಳೂ ದಿನಾ ಬೈದಳು. ಬೈಯುವ ಮುಂಚೆ ತಲೆ ಬಾಚಿಕೊಳ್ಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ!

ಇದ್ದಕ್ಕಿದ್ದಂತೆ ಅವನು ಬರುವುದು ನಿಂತಿತು.

‘ಒಂದು ಮಾತೂ ಹೇಳದೆ! ಎಷ್ಟು ಕೊಬ್ಬು!’ ರೇಜರ್ ಹಿಡಿದು ಹೊರಟೇಬಿಟ್ಟಳು.

“ನಿಮ್ಮಣ್ಣ ಬಂದಿದ್ರು,” ಅವನು ತಲೆ ಎತ್ತಲಿಲ್ಲ. “ತಂಗಿ ಕಲಿತಾಯ್ತಲ್ಲ, ಇನ್ನ ಯಾವ ನೆಪಕ್ಕೆ ಬರ್ತೀಯ ಅಂದ್ರು. ನಿಜವಾಗ್ಲೂ ನೆಪಾನೇ ಆಗಿತ್ತು... ಸುಳ್ಳು ಹೇಳೋಕಾಗಲಿಲ್ಲ.”

ಅವಳ ಕೈ ತಾನಾಗಿಯೇ ಕೂದಲು ಸರಿಮಾಡಿಕೊಂಡಿತು. ಆದರೂ ಬಿಟ್ಟಾಳೆಯೇ?

“ಮೊದಲು ರೇಜರ್, ಈಗ ನಿಮ್ಮನ್ನೂ ಗುಜರಿಗೆ ಹಾಕೋಕೆ ಹೊರಟನಾ! ಅವನಂದ ಅಂತ ಬಾಲ ಮುದುರಿಕೊಂಡು ಕೂತ್ಬಿಡೋದಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ರೇಜರನ್ನು ಅವನ ಮುಂದೆ ಕುಕ್ಕಿದಳು. “ಮತ್ತೆ ಕೆಟ್ಟಿದೆ. ನೋಡಿ!”

ಅವನು ಬಿಚ್ಚಿದ. ತಟ್ಟೆ ತಲೆಕೆಳಗಾಗಿತ್ತು.

“ಇದು... ಬೇಕಂತಲೇ?”

“ಹೌದು, ಬೇಕಂತಲೇ! ಏನೀಗ?”

“ದಿನಾ ಹೀಗೇ ಕೆಡಿಸ್ತೀರಾ?”

“ನೀವು ದಿನಾ ಬರೋ ಹಾಗಿದ್ರೆ... ಕೆಡಿಸಲ್ಲ.”

ಅವನು ತಟ್ಟೆ ಸರಿಮಾಡಿ ರೇಜರನ್ನು ಅವಳ ಅಂಗೈಯಲ್ಲಿಟ್ಟ. ಕೈ ಹಿಂದಕ್ಕೆ ತೆಗೆಯಲಿಲ್ಲ.

“ನಡೀರಿ, ಅಪ್ಪ ಕಾಯ್ತಿರ್ತಾರೆ.”

“ಅಪ್ಪ ಒಬ್ಬರೇನಾ ಕಾಯ್ತಿದ್ದಿದ್ದು?” ಎಂದು ಸೂಜಿಮೆಣಸು ಮತ್ತೆ ಸಿಡುಕಿದಳು.