ಬಾವಿ ಎಲ್ಲಿಂದ ಬಂತು?

"ನಿನಗೊಬ್ಬಾಕಿಗೇ ಹೇಳಿದ್ದೆನವ್ವ. ನಾ ಮದುವಿಗಿ ಮೊದಲು ಬಾವಿಗಿ ಹಾರಿದ್ದೆ ಅಂತ ಈಗ ಊರೆಲ್ಲ ಆಡಾಕತ್ತದ. ಅತ್ತಿ ಮನಿಯಿಂದ ಹೊರಗ ಹಾಕ್ಯಾಳ."

ಸುರಪುರದ ಕಡೆಯ ಕುರಿಗಾಹಿಯ ಹೆಂಡತಿ ಗುರುಲಿಂಗಮ್ಮ ಶಹಾಪುರದ ಕಾಲೇಜಿನ ಆಪ್ತಸಮಾಲೋಚನೆ ಕೋಣೆಯ ಬಾಗಿಲಲ್ಲಿ ನಿಂತು ಇಷ್ಟು ಹೇಳಿದ್ದು, ಅಲ್ಲಿ ತನ್ನ ಕಷ್ಟ ಕೇಳುತ್ತಿದ್ದ ಕವಿತಾಳಿಗೆ. ಗೆಳತಿ ನುಜ್ಹತ ಪಕ್ಕದಲ್ಲೇ ಇದ್ದಳು. ಇಬ್ಬರೂ ಚಿಕಿತ್ಸಾ ಮನೋವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದವರು. ನಂಬಿ ಬಂದವರ ಗುಟ್ಟು ಹೊರಬಿಟ್ಟವರಿಗೆ ಆ ಕೋರ್ಸಿನಲ್ಲಿ ಜಾಗವಿಲ್ಲ. ವಿಭಾಗದ ಮುಖ್ಯಸ್ಥ ಅಂಬರೀಶ ಸರ್ ಅಂದೇ ಕವಿತಾಳನ್ನು ತೆಗೆದುಹಾಕುವ ಮಾತಾಡಿದರು.

ನುಜ್ಹತ ನೇರವಾಗಿ ಹಿರಿಯ ಅಧ್ಯಾಪಕಿ ಶಾಂತಾದೇವಿ ಮೇಡಂ ಬಳಿಗೆ ಓಡಿದಳು. ವಿಭಾಗದಲ್ಲಿ ಏನೇ ಕಳವಾದರೂ ಕಳ್ಳನನ್ನು ಹಿಡಿಯುತ್ತಿದ್ದವರು ಅವರೇ. ಕವಿತಾ ಯಾರ ಮುಂದೆ ಏನು ಹೇಳಿದ್ದಳೆಂದಷ್ಟೇ ಮೇಡಂ ವಿಚಾರಿಸಿದರು. ಬಂದವರ ಕತೆಯನ್ನು ಪಾಠಕ್ಕಾಗಿ ಚರ್ಚಿಸುವಾಗ ಗುರುತು ಸಿಗದಂತೆ ವಿವರ ಬದಲಿಸಬೇಕೆಂಬುದು ನಿಯಮ. ಕವಿತಾ ಮೊದಲೇ ಅಂಜುಬುರುಕಿ. ಹೇಳಿದ ಕಡೆಯಲ್ಲೆಲ್ಲ ಒಂದೊಂದು ಥರ ಬದಲಿಸಿದ್ದಳು. ತರಗತಿಯಲ್ಲಿ, ಬಂದ ಹೆಂಗಸು ವಿಷ ಕುಡಿದಿದ್ದಳು ಎಂದಿದ್ದಳು.

ಮರುದಿನ ಮೇಡಂ ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂಡಿಸಿದರು.

"ಗುರುಲಿಂಗಮ್ಮ, ನೀವು ಹಾರಿದ್ದು ಬಾವಿಗೇ ಏನ್ರಿ?"

"ಇಲ್ರಿ. ಅದು ಬಾವಿ ಅಲ್ರಿ, ನಾ..."

ಮೇಡಂ ಕೈ ಅಡ್ಡ ಹಿಡಿದು, ಅಷ್ಟು ಸಾಕು, ಉಳಿದದ್ದು ನಮಗೆ ಬೇಡ ಎಂದರು. ಆಮೇಲೆ ಬಿಡಿಸಿ ಹೇಳಿದರು. ಕವಿತಾ ಬಾಯಿಬಿಟ್ಟಿದ್ದರೆ ಊರಿಗೆ ನಿಜ ತಲುಪುತ್ತಿತ್ತು. ಸಹಪಾಠಿಗಳು ಆಡಿದ್ದರೆ ವಿಷದ ಮಾತು ಹೋಗುತ್ತಿತ್ತು. ಊರಿಗೆ ಹೋದದ್ದು ಬಾವಿ. ಆ ಸುಳ್ಳನ್ನು ಕವಿತಾ, ತನ್ನ ಕೆಲಸದ ವರದಿ ಒಪ್ಪಿಸುವಾಗ, ಒಬ್ಬರಿಗೆ ಮಾತ್ರ ಹೇಳಿದ್ದಳು. ಗುರುಲಿಂಗಮ್ಮನನ್ನು ಅವಳಿಗೆ ಒಪ್ಪಿಸಿದವರೂ ಅವರೇ ಆದ್ದರಿಂದ ಹೆಸರೂ ಅವರಿಗೆ ಗೊತ್ತಿತ್ತು.

ಮೇಡಂ ಅಂಬರೀಶ ಸರ್ ಕಡೆ ತಿರುಗಿದರು. ನುಜ್ಹತಳೂ ಅತ್ತ ನೋಡಿದಳು. ಗುಟ್ಟು ಕಾಯುವ ಪಾಠ ಮಾಡಿದ್ದೇ ಈ ಸರ್! ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಸುರಪುರದಾಗ ಮದುವಿ ಊಟಕ್ಕ ಕುಂತಾಗ ಮಾತಿಗಿ ಮಾತು ಬಂತ್ರಿ," ಎಂದು ಸರ್ ತಲೆ ತಗ್ಗಿಸಿದರು. "ಹೆಸರು ಬಾಯಿಂದ ಬಿದ್ದುಬಿಡ್ತು."

ಕವಿತಾ ಬಿಕ್ಕಿಬಿಕ್ಕಿ ಅತ್ತಳು. ಗುರುಲಿಂಗಮ್ಮ ಸರ್ ಕಡೆ ನೋಡಲೇ ಇಲ್ಲ. ಕುರ್ಚಿ ಎಳೆದು ಕವಿತಾಳೆದುರು ಕೂತಳು.

"ಬಾಗಲಾ ಹಾಕವ್ವ. ನಾ ಇನ್ನಾ ಹೇಳೂದದ."

ಎಲ್ಲರಿಗಿಂತ ಮೊದಲು ಎದ್ದು ಹೊರಗೆ ನಡೆದವರು ಶಾಂತಾದೇವಿ ಮೇಡಂ.