ಹತ್ತನೇ ಹೆಬ್ಬೆರಳು

ಸೋಮವಾರ ಬೆಳಿಗ್ಗೆ 9.40. ಠಾಣೆಗೆ ಬಂದ ದೂರು ಕೇಳಿ ಕಾನ್‌ಸ್ಟೆಬಲ್ ನಕ್ಕೇಬಿಟ್ಟ. ದೂರು ತಂದವಳು ಹತ್ತನೇ ತರಗತಿಯ ಹುಡುಗಿ.

"ಸಾರ್, ಸೈನ್ಸ್ ಟೀಚರ್ ನಂಗೆ ಸೊನ್ನೆ ಕೊಟ್ಟಿದಾರೆ. ನನ್ನ ಉತ್ತರ ಸರಿ ಇದೆ."

"ಅದಕ್ಕೆ ಪೊಲೀಸ್ ಯಾಕಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬೆರಳಚ್ಚಿನ ಫೋಟೊ ನಿಮ್ದೇ ಅಲ್ವಾ?"

ಟೀಚರ್ ಲ್ಯಾಬಿನಲ್ಲಿ ಮಕ್ಕಳ ಕೈಯಿಂದಲೇ ಬಾಳೆಹಣ್ಣಿನ ಡಿಎನ್‌ಎ ತೆಗೆಸಿದ್ದರು. ಮುಂದಿನ ಪಾಠ ಬೆರಳಚ್ಚು. ಅದಕ್ಕೆ ಠಾಣೆಯಿಂದ ಹಳೇ ಬೆರಳಚ್ಚಿನ ಫೋಟೊ ಒಂದನ್ನು ತರಿಸಿ, 'ಶಂಕಿತರು' ಎಂದು ಹತ್ತು ಜನರ ಹೆಬ್ಬೆರಳಚ್ಚುಗಳನ್ನು ಗೋಡೆಗೆ ಅಂಟಿಸಿದ್ದರು. ಮಕ್ಕಳು ನಗಲಿ ಎಂದು ಹತ್ತನೆಯದು ತಮ್ಮದೇ. ಫೋಟೊದ ಅಚ್ಚು ಇವರಲ್ಲಿ ಯಾರದು ಎಂಬುದು ಪ್ರಶ್ನೆ; ಟೀಚರ್ ಪ್ರಕಾರ 'ಯಾರದೂ ಅಲ್ಲ' ಎಂಬುದೇ ಸರಿ ಉತ್ತರ. ಹುಡುಗಿ 'ಹತ್ತು' ಎಂದು ಬರೆದಿದ್ದಳು.

"ಮುಖ ನೋಡ್ಬೇಡಿ, ಸಾಕ್ಷಿ ನೋಡಿ ಅಂತ ಅವರೇ ಹೇಳ್ಕೊಟ್ಟಿದ್ದು ಸಾರ್."

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿದರು. "ಯಾವ ಫೈಲಿಂದ ಕೊಟ್ರಿ?"

"ಪತ್ತೆಯಾಗ್ಲಿಲ್ಲ ಅಂತ ಮುಚ್ಚಿದ್ದು ಸಾರ್. ಮಕ್ಕಳ ಪಾಠಕ್ಕೆ ತಾನೇ ಅಂತ..."

ಮೂರು ವರ್ಷದ ಹಿಂದಿನ ಎಫ್‌ಐಆರ್. ಮುಂಜಾನೆ ರಸ್ತೆ ಗುಡಿಸುತ್ತಿದ್ದ ಹೆಂಗಸು ಕಾರು ಗುದ್ದಿ ಸತ್ತಿದ್ದಳು. ಓಡಿಸುತ್ತಿದ್ದವರು ಕಾರನ್ನು ಅಲ್ಲೇ ಬಿಟ್ಟು ಓಡಿದ್ದರು. ಮಾಲೀಕ ಕಾರು ಕಳುವಾಗಿತ್ತು ಎಂದಿದ್ದ. ಪಂಚನಾಮೆಯಲ್ಲಿದ್ದ ಸುಳಿವು ಒಂದೇ, ಕಾರಿನ ಒಳಗನ್ನಡಿಯ ಮೇಲಿನ ಹೆಬ್ಬೆರಳಚ್ಚು. ಅದು ಯಾವ ಹಳೇ ಕಳ್ಳನಿಗೂ ಹೊಂದಿರಲಿಲ್ಲ.

ಗೋಡೆಯ ಹತ್ತನೇ ಅಚ್ಚನ್ನು ತರಿಸಿ ಬೆರಳಚ್ಚು ತಜ್ಞರಿಗೆ ಕಳಿಸಿದರು. 11.15ಕ್ಕೆ ಅವರ ಫೋನು ಬಂತು. ಹುಡುಗಿಯ ಉತ್ತರ ಸರಿ. ಅಷ್ಟರಲ್ಲಿ ಕಾನ್‌ಸ್ಟೆಬಲ್ ಇನ್ನೊಂದನ್ನು ಪತ್ತೆ ಮಾಡಿದ್ದ: ಕಾರಿನ ಮಾಲೀಕ ಟೀಚರ್ ಅವರ ಸ್ವಂತ ಅಣ್ಣ. ಅಯ್ಯೋ, ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ!

12.05. ಶಾಲೆಯ ಲ್ಯಾಬ್. ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

"ಕಾರು ಓಡಿಸಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ." ಟೀಚರ್ ತಲೆ ಎತ್ತಲಿಲ್ಲ. "ಲೈಸೆನ್ಸ್ ಇರ್ಲಿಲ್ಲ."

"ಇಳಿದು ನೋಡಿದ್ರಾ?"

"ನೋಡ್ದೆ. ಇನ್ನೂ ಉಸಿರಾಡ್ತಿದ್ರು."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದರು.

"ಆಗಷ್ಟೇ ಕೆಲಸ ಸಿಕ್ಕಿತ್ತು. ಹೋಗ್ಬಿಡುತ್ತೆ ಅಂತ ಹೆದರಿ ಓಡ್ದೆ. ನಾಳೆ ಹೋಗಿ ಒಪ್ಕೋತೀನಿ ಅಂದ್ಕೊಂಡೆ. ದಿನಾ ಹಾಗೇ ಅಂದ್ಕೊಂಡೆ."

"ಈ ಫೋಟೊ ಅದೇ ಅಂತ ಯಾವಾಗ ಗೊತ್ತಾಯ್ತು?"

"ಇವಳ ಹಾಳೆ ತಿದ್ದುವಾಗ."

ಇನ್‌ಸ್ಪೆಕ್ಟರ್ ಹೇಳಿಕೆಗೆ ಸಹಿ ಹಾಕಿಸಿ ಬಂಧನದ ಸಮಯ ಬರೆದರು: 12.30. ಓಡಿಹೋದ ಕಾರಣದ ಸಾಲಿನಲ್ಲಿ 'ಭಯ' ಎಂದಷ್ಟೇ ಬರೆದರು. ಅಣ್ಣನನ್ನು ಕರೆತರಲು ಜೀಪು ಹೊರಟಿತು.

ಟೀಚರ್ ಹುಡುಗಿಯನ್ನು ಹತ್ತಿರ ಕರೆದರು. "ಎರಡೂ ಅಚ್ಚಲ್ಲಿ ಎಷ್ಟು ಗುರುತು ಹೊಂದಿತ್ತು?"

"ಹನ್ನೆರಡು."

ಕೆಂಪು ಪೆನ್ನಿನಿಂದ ಅವಳ ಹಾಳೆಯ ಸೊನ್ನೆ ಹೊಡೆದುಹಾಕಿ, ಹತ್ತಕ್ಕೆ ಹತ್ತು ಬರೆದು ಹಾಳೆ ಚಾಚಿದರು. ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಬೇಡ ಟೀಚರ್. ಸೊನ್ನೆನೇ ಇರ್ಲಿ."